ವೆಲ್ಡಿಂಗ್ ಹೆಲ್ಮೆಟ್: ಒಂದಲ್ಲ, ಎರಡು ಬೇಕು

ರಾತ್ರಿ ಹನ್ನೊಂದರ ಸುಮಾರಿಗೆ ಗುಂಡ್ಲುಪೇಟೆ ಕಡೆಯ ತಾಯಿಯೊಬ್ಬರು ಮಗನ ಕೈಹಿಡಿದು ನಡೆಸಿಕೊಂಡು ಬಂದರು. "ಕಣ್ಗ ಮರಳ ಸುರ್ದಂಗದಂತ ಸಾ, ಕಣ್ಣು ಬಿಡಕೇ ಆಯ್ತಿಲ್ಲ" ಎಂದರು. ಹುಡುಗ ಸ್ಟೀಲ್ ರೇಲಿಂಗ್ ಮಾಡುವ ಅಂಗಡಿಯಲ್ಲಿ ಸಹಾಯಕ. ಅಂದು ಅವನು ವೆಲ್ಡಿಂಗ್ ಮಾಡಿರಲಿಲ್ಲ, ಪೈಪು ಹಿಡಿದುಕೊಂಡಿದ್ದನಷ್ಟೆ.

ವೆಲ್ಡಿಂಗ್ ಬೆಳಕಿನ ಅತಿನೇರಳೆ ಕಿರಣಗಳು ಕಣ್ಣಿನ ಮುಂಭಾಗದ ಕಾರ್ನಿಯಾವನ್ನು ಸುಟ್ಟಾಗ ಹೀಗಾಗುತ್ತದೆ. ಆ ಕ್ಷಣದಲ್ಲಿ ಏನೂ ತಿಳಿಯದು. ಉರಿ, ನೀರು ಸೋರುವಿಕೆ ಶುರುವಾಗುವುದು ಸಾಮಾನ್ಯವಾಗಿ 6ರಿಂದ 12 ಗಂಟೆಗಳ ನಂತರ. ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ. ಆದರೆ ಎದೆಹಾಲು, ಹರಳೆಣ್ಣೆ ಬಿಡಬೇಡಿ, ಸೋಂಕು ತಗಲಬಹುದು. ಕಣ್ಣು ಮರಗಟ್ಟಿಸುವ ಹನಿಯನ್ನು ಮನೆಗೆ ತಂದು ಪದೇ ಪದೇ ಹಾಕಿದರೆ ಕಾರ್ನಿಯಾ ಹುಣ್ಣಾಗಿ ದೃಷ್ಟಿಗೇ ಕುತ್ತು ಬಂದೀತು. ವೈದ್ಯರಿಗೆ ತೋರಿಸಿ.

ಟಿಗ್ ವೆಲ್ಡಿಂಗ್‌ನಲ್ಲಿ ಹೊಗೆ ಕಡಿಮೆ, ಕಿಡಿ ಹಾರುವುದೂ ಕಡಿಮೆ. ಆದ್ದರಿಂದ ಅಪಾಯವಿಲ್ಲವೆಂದು ಹಲವರು ತಿಳಿದಿದ್ದಾರೆ. ಇದು ತಪ್ಪು. ಕಿರಣಗಳನ್ನು ಅಷ್ಟಿಷ್ಟು ತಡೆಯುವ ಹೊಗೆಯೂ ಅಲ್ಲಿರುವುದಿಲ್ಲ; ಹೊಳೆಯುವ ಸ್ಟೀಲು ಅವನ್ನು ಸುತ್ತಲೂ ಪ್ರತಿಫಲಿಸುತ್ತದೆ. ವೆಲ್ಡಿಂಗ್‌ನ ಅತಿನೇರಳೆ ಕಿರಣಗಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2017ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು.

ಟಿಗ್ ಕೆಲಸಕ್ಕೆ ಎರಡೂ ಕೈ ಬೇಕು: ಒಂದರಲ್ಲಿ ಟಾರ್ಚು, ಇನ್ನೊಂದರಲ್ಲಿ ಫಿಲ್ಲರ್ ತಂತಿ. ಕೈಯಲ್ಲಿ ಹಿಡಿಯುವ ಕಪ್ಪು ಗಾಜು ಮೂಲೆ ಸೇರುತ್ತದೆ. ಹಾಗಾಗಿ ತಾನಾಗಿ ಕಪ್ಪಾಗುವ ಹೆಲ್ಮೆಟ್ ಷೋಕಿಯಲ್ಲ, ಅಗತ್ಯ. ಆದರೆ ಅಂದ, ಅಗ್ಗ ನೋಡಿ ಕೊಳ್ಳಬೇಡಿ. ಟಿಗ್‌ನ ಕಡಿಮೆ ಆಂಪಿಯರ್ ಬೆಳಕಿಗೂ ಅದು ಕಪ್ಪಾಗುತ್ತದೆಯೇ ಎಂದು ಕೇಳಿ. ಎರಡಕ್ಕಿಂತ ನಾಲ್ಕು ಸೆನ್ಸರ್ ಇರುವುದು ಲೇಸು. ಪೈಪೋ ಕೈಯೋ ಒಂದನ್ನು ಮರೆಮಾಡಿದರೂ ಉಳಿದವು ಕೆಲಸ ಮಾಡುತ್ತವೆ. ಕಪ್ಪಿನ ಪ್ರಮಾಣವನ್ನು 9ರಿಂದ 13ರವರೆಗೆ ಹೊಂದಿಸುವಂತಿರಲಿ. ರೇಲಿಂಗ್ ಕೆಲಸಕ್ಕೆ ಸಾಮಾನ್ಯವಾಗಿ 10 ಅಥವಾ 11 ಸರಿಹೋಗುತ್ತದೆ. ಇಎನ್ 379 ಅಥವಾ ಎಎನ್‌ಎಸ್‌ಐ ಝಡ್ 87.1 ಗುರುತು ನೋಡಿಯೇ ಕೊಳ್ಳಿ. ಒಳ್ಳೆಯ ಫಿಲ್ಟರು ಕಪ್ಪಾಗದಿದ್ದಾಗಲೂ ಅತಿನೇರಳೆ ಕಿರಣಗಳನ್ನು ತಡೆಯುತ್ತದೆ. ಕಪ್ಪಾಗುವುದು ಕಣ್ಣು ಕೋರೈಸದಿರಲೆಂದು. ಗುರುತಿಲ್ಲದ ಮಾಲಿಗೆ ಈ ಭರವಸೆ ಇಲ್ಲ.

ಇಷ್ಟಾದರೂ ಒಂದೇ ಹೆಲ್ಮೆಟ್ ತಂದರೆ ಸಾಲದು. ವೆಲ್ಡರ್ ತಲೆಗೆ ಹೆಲ್ಮೆಟ್, ಪೈಪು ಹಿಡಿದವನಿಗೆ ಬರಿಗಣ್ಣು! ಇದು ನ್ಯಾಯವಲ್ಲ. ಯಂತ್ರ ಕೊಳ್ಳುವ ಮಾಲೀಕರು ಸಹಾಯಕನಿಗೂ ಒಂದು ಹೆಲ್ಮೆಟ್ಟನ್ನು ಆ ಖರ್ಚಿನಲ್ಲೇ ಸೇರಿಸಬೇಕು. ರಸ್ತೆಯ ಪಕ್ಕದ ಅಂಗಡಿಯಾದರೆ ದಾರಿಹೋಕರ ಕಡೆಗೆ ವೆಲ್ಡಿಂಗ್ ಪರದೆಯೊಂದನ್ನು ಕಟ್ಟಲಿ. ಶಾಲೆಗೆ ಹೋಗುವ ಮಕ್ಕಳು ನಿಂತು ನೋಡುತ್ತಾರೆ.

ಅಮ್ಮಂದಿರೇ, ಮಗ ವೆಲ್ಡಿಂಗ್ ಕೆಲಸಕ್ಕೆ ಸೇರಿದ್ದರೆ ಸಂಬಳ ಎಷ್ಟೆಂದು ಕೇಳುವ ಮುನ್ನ ಕಣ್ಣಿಗೆ ಏನು ಕೊಟ್ಟಿದ್ದಾರೆಂದು ಕೇಳಿ.