ದಂಡ ತೆತ್ತರೂ ತೀರದ ಹೊಣೆ

ಮದ್ಯ ಸೇವಿಸಿ ವಾಹನ ನಡೆಸಿದವನು, ದಂಡ ತೆತ್ತೊಡನೆ ಎಲ್ಲವೂ ಮುಗಿಯಿತೆಂದು ಭಾವಿಸುವುದು ತಪ್ಪು. 2019ರ ತಿದ್ದುಪಡಿಯ ಮೇರೆಗೆ ಮೊದಲ ಅಪರಾಧಕ್ಕೆ 10,000 ರೂಪಾಯಿ ದಂಡ, 6 ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ ಉಂಟು. ಲೈಸೆನ್ಸು 3 ತಿಂಗಳು ಅಮಾನತಾಗಬಹುದು. ಅವಧಿ ತೀರಿದರೂ, ಚಾಲಕರಿಗೆಂದು ವಿಧಿಸಿದ ಮರುತರಬೇತಿಯನ್ನು ಪೂರೈಸಿದಲ್ಲದೆ ಅದು ಕೈಸೇರದು. ಎರಡನೆಯ ಸಲ ಸಿಕ್ಕಿಬಿದ್ದರೆ ರದ್ದಾಗುವ ಸಂಭವವೂ ಇದೆ.

ಇದಕ್ಕಿಂತಲೂ ಗಂಭೀರವಾದುದು ವಿಮೆಯ ವಿಚಾರ. ಕುಡಿದಿದ್ದಾಗಲಾಗಲಿ, ಲೈಸೆನ್ಸು ಅಮಾನತಿನಲ್ಲಿದ್ದಾಗಲಾಗಲಿ ವಾಹನ ನಡೆಸಿ ಅಪಘಾತವಾದರೆ, ಹೊಣೆಯನ್ನು ನಿರಾಕರಿಸಲು ವಿಮಾ ಕಂಪೆನಿಗೆ ಕಾನೂನಿನಲ್ಲಿ ಅವಕಾಶವಿದೆ. ನ್ಯಾಯಾಲಯದ ಆಜ್ಞೆಯಂತೆ ಕಂಪೆನಿಯು ಗಾಯಾಳುವಿಗೆ ಮೊದಲು ಪರಿಹಾರ ಕೊಟ್ಟರೂ, ಆ ಹಣವನ್ನು ವಾಹನದ ಒಡೆಯನಿಂದ ವಸೂಲು ಮಾಡಬಹುದು. ತಿಂಗಳ ಸಂಬಳದಲ್ಲಿ ಉಳಿಸಿ ಊರಿಗೆ ಹಣ ಕಳುಹಿಸುವ ನಮ್ಮ ಬಂಧುಗಳು ಈ ಭಾರವನ್ನು ಹೊರಬಲ್ಲರೇ? ಹೋಟೆಲಿನ ಬಾಗಿಲು ಮುಚ್ಚಿದ ಮೇಲೆ ಕುಡಿದವನು, ಸ್ಕೂಟರಿನ ಬೀಗದ ಕೈಯನ್ನು ಕುಡಿಯದ ಗೆಳೆಯನಿಗೆ ಒಪ್ಪಿಸುವುದೇ ಲೇಸು.