ಹದಿನಾರರ ಹರೆಯಕ್ಕೆ ಕನ್ನಡದಲ್ಲಿ ಕಥೆಯಿಲ್ಲವೇ?

ಕನ್ನಡದಲ್ಲಿ ಮಗುವಿಗೆ ಹಾಡುಗಳಿವೆ. ಹಿರಿಯರಿಗೆ ಮಹಾಕಾದಂಬರಿಗಳಿವೆ. ಇವೆರಡರ ನಡುವೆ ನಿಂತಿರುವ ಹದಿನಾರರ ಹರೆಯಕ್ಕೆ ಏನಿದೆ?

ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಮೊದಲಾದವರು ಮಕ್ಕಳಿಗಾಗಿ ಬರೆದರು. ಕುವೆಂಪು ಅವರಂತಹ ಮಹಾಕವಿಯೇ ಮಕ್ಕಳಿಗಾಗಿ ಕಿಂದರಿಜೋಗಿಯನ್ನು ಬೊಮ್ಮನಹಳ್ಳಿಗೆ ಕರೆತಂದರು. ಶಿವರಾಮ ಕಾರಂತರು ‘ಬಾಲಪ್ರಪಂಚ’ವನ್ನು ಕಟ್ಟಿಕೊಟ್ಟರು. ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’ಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ದೊರೆಯಿತು. ಇದೆಲ್ಲ ನಮ್ಮ ಹೆಮ್ಮೆ. ಆದರೆ ಮಗು ಹನ್ನೆರಡು ದಾಟಿ ಕನ್ನಡಿಯ ಮುಂದೆ ನಿಂತು ‘ನಾನು ಯಾರು?’ ಎಂದು ಕೇಳಿಕೊಳ್ಳುವ ದಿನ ಬಂದಾಗ ನಮ್ಮ ಭಾಷೆ ಏಕಾಏಕಿ ಮೌನ ತಾಳುತ್ತದೆ. ಆಗ ಅದರ ಕೈಗೆ ನಾವು ಕೊಡುವುದು ಎರಡೇ ಪುಸ್ತಕ. ಒಂದು ಎಸ್ಸೆಸ್ಸೆಲ್ಸಿ ಗೈಡು. ಇನ್ನೊಂದು ‘ಗೆಲುವಿನ ಮೆಟ್ಟಿಲು’ಗಳನ್ನು ಎಣಿಸುವ ವ್ಯಕ್ತಿತ್ವ ವಿಕಸನದ ಪುಸ್ತಕ. ಒಂದು ಅಂಕ ಗಳಿಸು ಎನ್ನುತ್ತದೆ, ಇನ್ನೊಂದು ನಗುತ್ತಾ ಅಂಕ ಗಳಿಸು ಎನ್ನುತ್ತದೆ.

ಪ್ರತಿವರ್ಷ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವ ನಾಡು ಇದು. ಅವರಲ್ಲಿ ಲಕ್ಷಾಂತರ ಮಂದಿ ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಬರೆಯುವವರು. ‘ಇಂದಿನ ಮಕ್ಕಳು ಕನ್ನಡ ಓದುವುದಿಲ್ಲ’ ಎಂದು ವೇದಿಕೆಗಳಲ್ಲಿ ಗೋಳಿಡುವ ನಮ್ಮ ಸಾಹಿತಿಗಳನ್ನು ನಾವು ಕೇಳಬಯಸುತ್ತೇವೆ: ಅವರು ಓದಲೆಂದು ನೀವು ಬರೆದದ್ದಾದರೂ ಏನು?

ಬೇರೆಯವರು ಮಾಡಿದ್ದೇನು?

1967ರಲ್ಲಿ ಅಮೆರಿಕದಲ್ಲಿ ‘ದಿ ಔಟ್‌ಸೈಡರ್ಸ್’ ಎಂಬ ಕಾದಂಬರಿ ಹೊರಬಂತು. ಬರೆದವರು ಎಸ್.ಇ. ಹಿಂಟನ್. ಬರೆಯತೊಡಗಿದಾಗ ಅವರಿನ್ನೂ ಹೈಸ್ಕೂಲು ವಿದ್ಯಾರ್ಥಿನಿ, ಪ್ರಕಟವಾದಾಗ ವಯಸ್ಸು 18. ಅಪಘಾತದಲ್ಲಿ ತಂದೆತಾಯಿಯನ್ನು ಕಳಕೊಂಡ ಮೂವರು ಸಹೋದರರು, ಊರಿನ ಸಿರಿವಂತ ಹುಡುಗರಿಗೂ ಬಡ ಹುಡುಗರಿಗೂ ನಡೆಯುವ ಹೊಡೆದಾಟ, ಅದರ ನಡುವೆ ಹದಿನಾಲ್ಕರ ಹುಡುಗನೊಬ್ಬನ ಒಂಟಿತನ, ಇಷ್ಟೇ ಕಥೆ. ಆದರೆ ಅದರಲ್ಲಿ ಬುದ್ಧಿ ಹೇಳುವ ಹಿರಿಯನಿಲ್ಲ. ಕಥೆ ಹೇಳುವವನೇ ಆ ಹುಡುಗ. ಹರೆಯದವರ ಸಾಹಿತ್ಯಕ್ಕೆ ಹೊಸ ದಾರಿ ತೆರೆದುಕೊಂಡದ್ದು ಹೀಗೆ.

ಮೂರು ವರ್ಷಗಳ ಬಳಿಕ, 1970ರಲ್ಲಿ, ಜೂಡಿ ಬ್ಲೂಮ್‌ರ ‘ಆರ್ ಯೂ ದೇರ್ ಗಾಡ್? ಇಟ್ಸ್ ಮಿ, ಮಾರ್ಗರೆಟ್’ ಬಂತು. ತಂದೆ ಯಹೂದಿ, ತಾಯಿ ಕ್ರೈಸ್ತೆ, ಮಗಳನ್ನು ಯಾವ ಧರ್ಮದಲ್ಲೂ ಬೆಳೆಸಲಿಲ್ಲ. ಆ ಹುಡುಗಿ ಮಾತ್ರ ಯಾರಿಗೂ ತಿಳಿಯದಂತೆ ದೇವರೊಂದಿಗೆ ಮಾತನಾಡುತ್ತಾಳೆ. ತನ್ನ ದೇಹ ಬದಲಾಗುತ್ತಿರುವ ಭಯ, ಗೆಳತಿಯರಿಗಿಂತ ಹಿಂದುಳಿದೆನೆಂಬ ಅಳುಕು, ಎಲ್ಲವನ್ನೂ ದೇವರ ಮುಂದಿಡುತ್ತಾಳೆ. ಋತುಸ್ರಾವದ ಮಾತು ಬಂದಿತೆಂಬ ಕಾರಣಕ್ಕೆ ಇದೇ ಪುಸ್ತಕವನ್ನು ಶಾಲಾ ಗ್ರಂಥಾಲಯಗಳಿಂದ ತೆಗೆಸಲು ಹೊರಟವರಲ್ಲಿ ಧರ್ಮದ ಹೆಸರು ಹೇಳುವವರೂ ಇದ್ದರು. ದೇವರೊಂದಿಗೆ ಮಾತನಾಡುವ ಮಗುವನ್ನು ದೇವರ ಹೆಸರಿನಲ್ಲೇ ಹೊರಗಟ್ಟುವುದು! ಇದಕ್ಕಿಂತ ದೊಡ್ಡ ವಿಪರ್ಯಾಸ ಬೇರೇನಿದೆ?

‘ಇದೆಲ್ಲ ಪಾಶ್ಚಾತ್ಯರ ಕಾಯಿಲೆ’

ಈ ಮಾತು ಎತ್ತಿದಾಕ್ಷಣ ಕೇಳಿಬರುವ ಮೊದಲ ಆಕ್ಷೇಪ ಇದು. ಅಲ್ಲಿ ಕುಟುಂಬ ಒಡೆದಿದೆ, ಆದ್ದರಿಂದ ಅಲ್ಲಿನ ಮಕ್ಕಳಿಗೆ ಅಂತಹ ಕಥೆ ಬೇಕು. ನಮ್ಮಲ್ಲಿ ಅಪ್ಪ ಅಮ್ಮ ಅಜ್ಜ ಅಜ್ಜಿ ಎಲ್ಲರೂ ಇದ್ದಾರೆ, ನಮ್ಮ ಮಕ್ಕಳಿಗೇಕೆ ಈ ತಳಮಳ ಎನ್ನುತ್ತಾರೆ.

ನಿಜವೇ? ಭಟ್ಕಳದಿಂದ ಮಂಗಳೂರಿನವರೆಗಿನ ಕರಾವಳಿಯನ್ನೇ ನೋಡಿ. ತಂದೆ ಗಲ್ಫ್‌ನಲ್ಲಿ, ಮಗ ಊರಿನಲ್ಲಿ. ಎರಡು ವರ್ಷಕ್ಕೊಮ್ಮೆ ಒಂದೋ ಎರಡೋ ತಿಂಗಳ ರಜೆಯಲ್ಲಿ ಬರುವ ತಂದೆಯನ್ನು ಮಗ ಅತ್ತರಿನ ಪರಿಮಳದಿಂದ, ಚಾಕೊಲೇಟಿನ ಡಬ್ಬಿಯಿಂದ, ಫೋನಿನ ಧ್ವನಿಯಿಂದ ಬಲ್ಲ. 2020ರ ಕೊರೋನಾ ಕಾಲದಲ್ಲಿ ಕೆಲಸ ಕಳಕೊಂಡು ಮರಳಿದ ಎಷ್ಟೋ ತಂದೆಯಂದಿರು ತಮ್ಮ ಮನೆಯಲ್ಲೇ ಅತಿಥಿಗಳಂತೆ ಕೂತರು. ಹದಿನೈದು ವರ್ಷ ಮನೆಯ ಗಂಡಸಾಗಿ ಬೆಳೆದ ಹುಡುಗನ ಮುಂದೆ ಒಂದು ದಿನ ನಿಜವಾದ ಯಜಮಾನ ಬಂದು ನಿಂತಾಗ ಆ ಮನೆಯಲ್ಲಿ ಏನಾಗುತ್ತದೆ? ಇದಕ್ಕಿಂತ ದೊಡ್ಡ ಕಾದಂಬರಿಯ ವಸ್ತು ಯಾವ ಅಮೆರಿಕದಲ್ಲಿದೆ? ಸಾಲಕ್ಕೆ ಸಿಲುಕಿ ಹೊಲ ಮಾರಿ ಬೆಂಗಳೂರಿಗೆ ಬಂದ ಉತ್ತರ ಕರ್ನಾಟಕದ ಕುಟುಂಬದ ಹುಡುಗಿ, ಕುಡುಕ ತಂದೆಗೆ ಬಾಗಿಲು ತೆರೆಯಲೋ ಬೇಡವೋ ಎಂದು ನಡುಗುವ ಹುಡುಗ, ತಂದೆ ಎರಡನೆಯ ಮದುವೆಯಾದ ಸುದ್ದಿಯನ್ನು ತರಗತಿಯ ಗೆಳೆಯರ ಬಾಯಿಂದ ಕೇಳಿದ ಮಕ್ಕಳು, ಇವರೆಲ್ಲ ಪಾಶ್ಚಾತ್ಯರೇ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಕಥೆ ಪುಸ್ತಕವೊಂದು ಇವರನ್ನೆಲ್ಲ ಉಳಿಸುತ್ತಿತ್ತು ಎಂಬ ಭ್ರಮೆ ನಮಗಿಲ್ಲ. ಆದರೆ ‘ಈ ಲೋಕದಲ್ಲಿ ನಾನೊಬ್ಬನೇ ಹೀಗೆ’ ಎಂಬ ಭಾವನೆ ಎಷ್ಟು ಅಪಾಯಕಾರಿ ಎಂಬುದು ಹದಿಹರೆಯದವರೊಂದಿಗೆ ಒಡನಾಡಿದ ಯಾವ ಶಿಕ್ಷಕರಿಗೂ ಗೊತ್ತು. ಆ ಭಾವನೆಯನ್ನು ಉಪದೇಶ ಕಳೆಯುವುದಿಲ್ಲ. ತನ್ನಂತಹದೇ ಇನ್ನೊಂದು ಜೀವದ ಕಥೆ ಕಳೆಯುತ್ತದೆ.

ಸ್ವಾಭಿಮಾನದ ಮಾತಂತೂ ಕೇಳುವುದೇ ಬೇಡ. ನಮ್ಮಲ್ಲಿ ಹುಡುಗನ ಬೆಲೆ ಅಂಕಪಟ್ಟಿಯಲ್ಲಿದೆ, ಹುಡುಗಿಯ ಬೆಲೆ ಮೈಬಣ್ಣದಲ್ಲಿದೆ. ‘ಫೇರ್ ಅಂಡ್ ಲವ್ಲಿ’ ಕ್ರೀಮು 2020ರಲ್ಲಿ ಹೆಸರು ಬದಲಾಯಿಸಿಕೊಂಡಿತು. ಆದರೆ ಮದುವೆ ಮನೆಯಲ್ಲಿ ಹದಿನೈದರ ಹುಡುಗಿಯನ್ನು ನೋಡಿ ‘ಸ್ವಲ್ಪ ಕಪ್ಪಾದಳಲ್ಲ’ ಎನ್ನುವ ನಮ್ಮ ನಾಲಗೆಗಳು ಬದಲಾಗಿಲ್ಲ.

ಬಗ್ಗೆ ಬರೆಯುವುದು ಬೇರೆ, ಅವರಿಗಾಗಿ ಬರೆಯುವುದು ಬೇರೆ

ಎರಡನೆಯ ಆಕ್ಷೇಪ ಸಾಹಿತ್ಯ ಬಲ್ಲವರದು. ಕನ್ನಡದಲ್ಲಿ ಹರೆಯದ ಪಾತ್ರಗಳಿಗೇನು ಬರ ಎನ್ನುತ್ತಾರೆ. ಇಲ್ಲವೆಂದು ನಾವೂ ಹೇಳುವುದಿಲ್ಲ. ಸಿದ್ದಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಇವೆಲ್ಲ ಅವಮಾನದ ನಡುವೆ ತನ್ನ ಗುರುತನ್ನು ಹುಡುಕಿಕೊಂಡ ಬಾಲ್ಯ, ಹರೆಯಗಳ ಅಪೂರ್ವ ದಾಖಲೆಗಳು. ಸಾರಾ ಅಬೂಬಕ್ಕರ್‌ರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾ ತಂದೆಯ ಹಠಕ್ಕೆ ಸಂಸಾರವನ್ನು ಕಳಕೊಂಡು ಕೊನೆಗೆ ಮಸೀದಿಯ ಕೆರೆಗೆ ಬೀಳುವ ಎಳೆಯ ಹೆಣ್ಣು. 2025ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಕನ್ನಡಕ್ಕೆ ತಂದ, ದೀಪಾ ಭಾಸ್ತಿ ಅನುವಾದದ ಬಾನು ಮುಷ್ತಾಕ್‌ರ ‘ಹಾರ್ಟ್ ಲ್ಯಾಂಪ್’ನ ಶೀರ್ಷಿಕೆ ಕಥೆಯನ್ನೇ ನೋಡಿ. ಗಂಡನಿಂದಲೂ ತವರಿನಿಂದಲೂ ತಿರಸ್ಕೃತಳಾಗಿ ಸಾಯಹೊರಟ ಮೆಹರುನ್‌ಳನ್ನು ತಡೆದು ನಿಲ್ಲಿಸುವವಳು ಆಕೆಯ ಮಗಳು ಸಲ್ಮಾ.

ಇವೆಲ್ಲ ಶ್ರೇಷ್ಠ ಕೃತಿಗಳೇ. ಆದರೆ ಇವು ಹಿರಿಯರ ಮನಸ್ಸಾಕ್ಷಿಯನ್ನು ಕಲಕಲು ಬರೆದ ಕೃತಿಗಳು. ಸಲ್ಮಾಳ ಬಗ್ಗೆ ಬರೆದ ಕಥೆ ನಮ್ಮಲ್ಲಿದೆ, ಸಲ್ಮಾ ಓದಲೆಂದು ಬರೆದ ಕಥೆ ಇಲ್ಲ. ಆ ರಾತ್ರಿ ಕಳೆದು ಬೆಳಗಾದಾಗ ಆಕೆ ಸಮವಸ್ತ್ರ ಧರಿಸಿ ಶಾಲೆಗೆ ಹೋದಳೇ? ಗೆಳತಿಗೆ ಹೇಳಿದಳೇ, ಮುಚ್ಚಿಟ್ಟಳೇ? ತಂದೆಯನ್ನು ದ್ವೇಷಿಸಿದಳೇ, ಅಥವಾ ಆತ ಬಂದಾಗ ಇನ್ನೂ ಬಾಗಿಲಿಗೆ ಓಡುತ್ತಾಳೆಯೇ? ನಮ್ಮ ಸಾಹಿತ್ಯ ಕಥೆ ನಿಲ್ಲಿಸುವಲ್ಲಿ ಹರೆಯದವರ ಕಥೆ ಶುರುವಾಗಬೇಕಿತ್ತು.

ಎಲ್ಲರೂ ಮಾತನಾಡಿದರು, ಅವರನ್ನು ಬಿಟ್ಟು

2021ರ ಕೊನೆಯಲ್ಲಿ ಉಡುಪಿಯಲ್ಲಿ ಶುರುವಾದ ಹಿಜಾಬ್ ವಿವಾದವನ್ನು ನೆನಪಿಸಿಕೊಳ್ಳಿ. 2022ರ ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು ಬಂತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಆ ತಿಂಗಳುಗಳಲ್ಲಿ ವಕೀಲರು, ರಾಜಕಾರಣಿಗಳು, ಮೌಲ್ವಿಗಳು, ಪ್ರಗತಿಪರರು, ಟಿ.ವಿ. ನಿರೂಪಕರು ಎಲ್ಲರೂ ಮಾತನಾಡಿದರು. ಕ್ಯಾಮೆರಾಗಳು ಶಾಲೆಯ ಗೇಟಿನವರೆಗೂ ಮಕ್ಕಳನ್ನು ಬೆನ್ನಟ್ಟಿದವು. ಒಂದು ಗುಂಪಿಗೆ ಅವರು ಧ್ವಜ, ಇನ್ನೊಂದು ಗುಂಪಿಗೆ ಅವರು ಬಲಿಪಶು. ಬೆಳಿಗ್ಗೆ ಎದ್ದು ಗಣಿತದ ಪರೀಕ್ಷೆಗೆ ಹೆದರುವ, ಪಕ್ಕದ ಬೆಂಚಿನ ಹಿಂದೂ ಗೆಳತಿ ಇಂದು ಮಾತನಾಡಿಸುವಳೋ ಇಲ್ಲವೋ ಎಂದು ಕಾಯುವ ಹದಿನೇಳರ ಹುಡುಗಿ ಯಾರಿಗೂ ಕಾಣಲಿಲ್ಲ. ಆ ಗೆಳತಿಯ ಮನಸ್ಸಿನಲ್ಲೇನಿತ್ತು ಎಂಬುದನ್ನೂ ಯಾರೂ ಕೇಳಲಿಲ್ಲ.

ಆಸ್ಟ್ರೇಲಿಯಾದ ರಾಂದಾ ಅಬ್ದುಲ್ ಫತ್ತಾಹ್ 2005ರಲ್ಲೇ ಇಂತಹ ಹುಡುಗಿಯ ಕಥೆ ಬರೆದಿದ್ದರು. ‘ಡಸ್ ಮೈ ಹೆಡ್ ಲುಕ್ ಬಿಗ್ ಇನ್ ದಿಸ್?’ ಎಂಬ ಆ ಕಾದಂಬರಿಯ ಅಮಲ್ ಪ್ಯಾಲೆಸ್ತೀನ್ ಮೂಲದ ಹದಿನಾರರ ಹುಡುಗಿ. ಹಿಜಾಬ್ ಧರಿಸಬೇಕೆಂದು ತಾನೇ ತೀರ್ಮಾನಿಸುತ್ತಾಳೆ. ಹಾಗೆಂದು ಆಕೆ ಪ್ರವಚನ ನೀಡುವುದಿಲ್ಲ. ನಗುತ್ತಾಳೆ, ಜಗಳವಾಡುತ್ತಾಳೆ, ತರಗತಿಯ ಹುಡುಗನೊಬ್ಬನ ಬಗ್ಗೆ ಯೋಚಿಸಿ ಗೊಂದಲಕ್ಕೊಳಗಾಗುತ್ತಾಳೆ. ಆಕೆ ಸಮಸ್ಯೆಯಲ್ಲ, ಒಬ್ಬ ವ್ಯಕ್ತಿ. ಇನ್ನು ನಮ್ಮ ಬೆಂಗಳೂರಿಗೇ ಬನ್ನಿ. ಅಂದಲೀಬ್ ವಾಜಿದ್‌ರ ‘ಅಸ್ಮಾರಾಸ್ ಸಮ್ಮರ್’ (2016) ಟ್ಯಾನರಿ ರಸ್ತೆಯ ಅಜ್ಜ ಅಜ್ಜಿಯ ಇಕ್ಕಟ್ಟಾದ ಮನೆಯಲ್ಲಿ ಒಂದು ತಿಂಗಳು ಕಳೆಯಬೇಕಾದ, ಅದನ್ನು ಗೆಳತಿಯರಿಂದ ಮುಚ್ಚಿಡಲು ಬಯಸುವ ಮುಸ್ಲಿಮ್ ಹುಡುಗಿಯ ಕಥೆ. ಟ್ಯಾನರಿ ರಸ್ತೆ ಕರ್ನಾಟಕದ ರಾಜಧಾನಿಯಲ್ಲೇ ಇದೆ. ಆದರೆ ಆ ರಸ್ತೆಯ ಹುಡುಗಿಗೆ ಕಾದಂಬರಿಯಾಗಲು ಇಂಗ್ಲಿಷ್ ಬೇಕಾಯಿತು. ಇಂಗ್ಲಿಷ್ ಕಾನ್ವೆಂಟಿನ ಹುಡುಗಿಗೆ ತನ್ನ ಮುಖ ನೋಡಿಕೊಳ್ಳಲು ಕನ್ನಡಿಯಿದೆ, ಸರಕಾರಿ ಕನ್ನಡ ಶಾಲೆಯ ಹುಡುಗಿಗೆ ಗೋಡೆ ಮಾತ್ರ. ಇದು ಅನ್ಯಾಯವಲ್ಲದೆ ಮತ್ತೇನು?

ನೀತಿಯ ಕತ್ತರಿ

ಕಾದಂಬರಿ ಓದಿದರೆ ಮಕ್ಕಳು ಹಾಳಾಗುತ್ತಾರೆ ಎಂಬ ಭಯ ಎಲ್ಲ ಸಮುದಾಯಗಳಲ್ಲೂ ಇದೆ. ನಮ್ಮಲ್ಲಿ ಅದು ತುಸು ಹೆಚ್ಚೇ ಇದೆ. ಹರೆಯದವರಿಗೆಂದು ಧಾರ್ಮಿಕ ವಲಯದಿಂದ ಬರುವ ಬಹುತೇಕ ಕಥೆಗಳಲ್ಲಿ ಮೊದಲ ಪುಟದಲ್ಲಿ ದಾರಿ ತಪ್ಪಿದ ಮಗ ಕೊನೆಯ ಪುಟದಲ್ಲಿ ತಂದೆಯ ಕಾಲಿಗೆ ಬೀಳುತ್ತಾನೆ. ತಂದೆ ತಪ್ಪು ಮಾಡಿರಬಹುದಾದ ಕಥೆ ಬರುವುದೇ ಇಲ್ಲ. ಪ್ರಗತಿಪರರ ಕಥೆಗಳಲ್ಲೋ ಮುಸ್ಲಿಮ್ ಹುಡುಗಿಯನ್ನು ಯಾರಾದರೂ ಹೊರಗಿನಿಂದ ಬಂದು ರಕ್ಷಿಸಬೇಕು. ಇಬ್ಬರಿಗೂ ಬೇಕಾದದ್ದು ಪಾಠ, ಪಾತ್ರವಲ್ಲ.

ಕಥೆಯನ್ನೇ ವ್ಯರ್ಥವೆನ್ನುವವರಿಗೆ ಒಂದು ಮಾತು. ಪವಿತ್ರ ಕುರ್‌ಆನ್ ಅತ್ಯುತ್ತಮ ಕಥನವೆಂದು ಕರೆದದ್ದು ಪ್ರವಾದಿ ಯೂಸುಫ್‌ರ ವೃತ್ತಾಂತದ ಆರಂಭದಲ್ಲಿ. ಅದು ಶುರುವಾಗುವುದು ಎಲ್ಲಿಂದ? ಒಬ್ಬ ಹುಡುಗ ತನ್ನ ಕನಸನ್ನು ತಂದೆಗೆ ಹೇಳುವಲ್ಲಿಂದ. ಸಹೋದರರ ಅಸೂಯೆ, ತಳ್ಳಿಬಿಟ್ಟ ಬಾವಿ, ಅಗ್ಗದ ಬೆಲೆಗೆ ಮಾರಾಟ, ಮುರಿದ ಮನೆ, ಅತ್ತು ಅತ್ತು ಕಣ್ಣು ಕಳಕೊಂಡ ತಂದೆ ಎಲ್ಲವೂ ಅದರಲ್ಲಿದೆ. ಪ್ರವಾದಿ ಯಾಕೂಬ್ ಮಗನ ಕನಸನ್ನು ಕೇಳಿ ‘ಹೋಗಿ ಓದಿಕೋ’ ಎಂದು ಗದರಲಿಲ್ಲ, ಕಿವಿಗೊಟ್ಟರು. ನಮ್ಮ ಮನೆಗಳಲ್ಲಿ ಎಷ್ಟು ತಂದೆಯಂದಿರು ಹಾಗೆ ಕಿವಿಗೊಡುತ್ತಾರೆ?

ಹಿರಿಯರ ಕತ್ತರಿ ಒಳ್ಳೆಯ ಉದ್ದೇಶದಿಂದಲೂ ಕೆಲಸ ಮಾಡುತ್ತದೆ. ಆನ್ ಫ್ರಾಂಕ್‌ಳ ದಿನಚರಿ 1947ರಲ್ಲಿ ಮೊದಲು ಪ್ರಕಟವಾದಾಗ, ಮಗಳನ್ನು ಕಳಕೊಂಡ ತಂದೆ ಒಟ್ಟೋ ಫ್ರಾಂಕ್ ಆಕೆ ತನ್ನ ತಾಯಿಯ ಬಗ್ಗೆ, ತನ್ನ ದೇಹದ ಬಗ್ಗೆ ಬರೆದ ಕೆಲವು ಭಾಗಗಳನ್ನು ಬಿಟ್ಟಿದ್ದರು. ದಶಕಗಳ ಬಳಿಕ ಪೂರ್ಣ ಪಾಠ ಬಂತು. ಅದರಿಂದ ಆನ್ ಸಣ್ಣವಳಾಗಲಿಲ್ಲ. ತಾಯಿಯೊಂದಿಗೆ ಮುನಿಸಿಕೊಂಡ ಹುಡುಗಿ ನಮ್ಮ ಮನೆಯ ಹುಡುಗಿಗೆ ಇನ್ನಷ್ಟು ಹತ್ತಿರವಾದಳು.

ಆಗಬೇಕಾದದ್ದು

ಗ್ರಾಮ ಪಂಚಾಯತಿ ಗ್ರಂಥಾಲಯಗಳು ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚಿವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಆರರಿಂದ ಹದಿನೆಂಟು ವರ್ಷದವರಿಗೆ ಅಲ್ಲಿ ಉಚಿತ ಸದಸ್ಯತ್ವ ನೀಡಲಾಯಿತು. ಇದು ಸರಕಾರದ ಮೆಚ್ಚಬೇಕಾದ ಕೆಲಸ. ಆರರ ಮಗುವಿಗೆ ಅಲ್ಲಿ ಚಿತ್ರಪುಸ್ತಕವಿದೆ. ಹದಿನಾರರವನಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕವಲ್ಲದೆ ಬೇರೇನಿದೆ? ಗ್ರಂಥಾಲಯ ಇಲಾಖೆ, ಪ್ರಾಧಿಕಾರಗಳು, ಅಕಾಡೆಮಿಗಳು ಹರೆಯದವರ ಕಾದಂಬರಿಗೆಂದೇ ಪ್ರತ್ಯೇಕ ಖರೀದಿ, ಪ್ರತ್ಯೇಕ ಪುರಸ್ಕಾರ ಇಡಲಿ. ಹದಿನಾರರವರನ್ನೂ ಆರರ ಮಗುವನ್ನೂ ‘ಬಾಲಸಾಹಿತ್ಯ’ದ ಒಂದೇ ಬುಟ್ಟಿಗೆ ಹಾಕುವುದು ನಿಲ್ಲಲಿ. ಹೊರಗಿನ ಒಳ್ಳೆಯ ಕೃತಿಗಳು, ಅದರಲ್ಲೂ ನಮ್ಮದೇ ಬೆಂಗಳೂರಿನ ಕೃತಿಗಳು ಕನ್ನಡಕ್ಕೆ ಬರಲಿ.

ಬ್ಯಾರಿ, ದಖ್ಖನಿ, ತುಳು, ಲಂಬಾಣಿ ಮಾತನಾಡುವ ಮನೆಗಳಿಂದ ಬಂದು ಶಾಲೆಯಲ್ಲಿ ಕನ್ನಡ ಕಲಿತ ಯುವ ಬರಹಗಾರರ ಮೇಲೆ ನಮಗೆ ಹೆಚ್ಚಿನ ಭರವಸೆ. ಮನೆಯಲ್ಲೊಂದು ಭಾಷೆ, ಮದರಸದಲ್ಲೊಂದು, ಶಾಲೆಯಲ್ಲೊಂದು ಎಂದು ದಿನಕ್ಕೆ ಮೂರು ಬಾರಿ ತಮ್ಮನ್ನು ಬದಲಾಯಿಸಿಕೊಂಡು ಬೆಳೆದವರು ಅವರು. ಗುರುತಿನ ಪ್ರಶ್ನೆಯನ್ನು ಪುಸ್ತಕದಿಂದ ಕಲಿಯುವ ಅಗತ್ಯ ಅವರಿಗಿಲ್ಲ. ಹಿಂಟನ್ ಕಾದಂಬರಿ ಬರೆದಾಗ ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ನಮ್ಮ ಮಕ್ಕಳೂ ಕೇಳಬೇಕಾಗಿಲ್ಲ.

ತಂದೆತಾಯಿಯರಿಗೂ ಒಂದು ಮಾತು ಹೇಳಲೇಬೇಕು. ಅಂತಹ ಪುಸ್ತಕ ಮನೆಗೆ ಬಂದಾಗ ಅದನ್ನು ಕಸಿದುಕೊಳ್ಳಬೇಡಿ, ಮಕ್ಕಳಿಗಿಂತ ಮೊದಲು ನೀವೇ ಓದಿ. ಅದರಲ್ಲಿ ನಿಮ್ಮನ್ನು ಹೋಲುವ ತಂದೆಯೋ ತಾಯಿಯೋ ಸಿಗಬಹುದು. ಸಿಟ್ಟು ಬರಬಹುದು. ಆದರೆ ಮಕ್ಕಳು ನಿಮ್ಮ ಮುಂದೆ ಬಾಯಿ ಬಿಟ್ಟು ಹೇಳಲಾಗದ್ದು ಅಲ್ಲಿ ಅಚ್ಚಾಗಿರುತ್ತದೆ. ಹರೆಯದವರ ಮಾತನ್ನು ಕೇಳಿಸಿಕೊಳ್ಳದ ಭಾಷೆಯನ್ನು ಅವರೂ ನಾಳೆ ಕೇಳಿಸಿಕೊಳ್ಳಲಾರರು. ಕನ್ನಡ ಉಳಿಯಬೇಕೆಂದು ನವೆಂಬರ್ ಒಂದರಂದು ಧ್ವನಿವರ್ಧಕದಲ್ಲಿ ಕೂಗುವವರು ಉಳಿದ ದಿನಗಳಲ್ಲಿ ಈ ಮಾತನ್ನು ಯೋಚಿಸಲಿ.