ರ‍್ಯಾಗಿಂಗ್ ಪಿಡುಗು ಮತ್ತು ಪಾಲಕರ ಸಹಿ

ಬೆಂಗಳೂರು, ಹುಬ್ಬಳ್ಳಿ, ಮೈಸೂರು, ಮಂಗಳೂರುಗಳ ರೈಲುಮಾರ್ಗಗಳು ಕೂಡುವ ಅರಸೀಕೆರೆಯಿಂದ ನರ್ಸಿಂಗ್, ಫಾರ್ಮಸಿ, ಇಂಜಿನಿಯರಿಂಗ್ ಎಂದು ಪರವೂರಿನ ಹಾಸ್ಟೆಲುಗಳನ್ನು ಸೇರುವ ಮಕ್ಕಳು ವರ್ಷವರ್ಷವೂ ಇದ್ದಾರೆ. ಅವರನ್ನು ಬಿಟ್ಟು ಮರಳುವ ತಂದೆತಾಯಿಯರನ್ನು ಒಂದು ಭಯ ಕಾಡುತ್ತದೆ: ಹಿರಿಯ ವಿದ್ಯಾರ್ಥಿಗಳು ನಮ್ಮ ಮಗುವನ್ನು ಏನು ಮಾಡಿಯಾರು? ಈ ಭಯ ನಿರಾಧಾರವಲ್ಲ. ಆದರೆ ಅದರ ಇನ್ನೊಂದು ಮಗ್ಗುಲನ್ನು ನಾವು ನೋಡುವುದೇ ಇಲ್ಲ.

2021ರ ಫೆಬ್ರವರಿಯಲ್ಲಿ ಮಂಗಳೂರಿನ ಹೊರವಲಯದ ಖಾಸಗಿ ಕಾಲೇಜೊಂದರ 11 ಮಂದಿ ವಿದ್ಯಾರ್ಥಿಗಳು ರ‍್ಯಾಗಿಂಗ್ ಆರೋಪದ ಮೇಲೆ ಬಂಧಿತರಾದರು. ಕಿರಿಯರು ಮೀಸೆ ಬೋಳಿಸಬೇಕು, ಬೆಂಕಿಕಡ್ಡಿಗಳನ್ನು ಎಣಿಸಬೇಕು, ಬೆಂಕಿಕಡ್ಡಿಯಿಂದ ಕೋಣೆಯನ್ನು ಅಳೆಯಬೇಕು ಎಂಬಂಥ ಆಜ್ಞೆಗಳ ಬಗ್ಗೆ ದೂರು ಬಂದಿತ್ತು. ಪತ್ರಿಕೆಯಲ್ಲಿ ಇದನ್ನೋದಿ ನಕ್ಕವರೂ ಇದ್ದಾರು. ಕೋಣೆ ಅಳೆದರೆ ಯಾರ ಕೈಯೂ ಮುರಿಯುವುದಿಲ್ಲವಷ್ಟೆ! ಆದರೆ ಅರ್ಥವಿಲ್ಲದ ಆಜ್ಞೆಯನ್ನು ಒಬ್ಬನು ಮತ್ತೊಬ್ಬನ ಕಾಲ ಬಳಿ ಬಾಗಿ ಪಾಲಿಸಬೇಕೆಂಬುದೇ ಅದರ ಉದ್ದೇಶ. ಸಣ್ಣ ಆಜ್ಞೆಗೆ ಮಣಿದವನಲ್ಲಿ ದೊಡ್ಡ ಆಜ್ಞೆಯನ್ನು ನಿರಾಕರಿಸುವ ಬಲ ಉಳಿಯದು. 2016ರ ಮೇ ತಿಂಗಳಲ್ಲಿ ಕಲಬುರಗಿಯ ನರ್ಸಿಂಗ್ ಕಾಲೇಜೊಂದರಲ್ಲಿ ಕೇರಳದ ದಲಿತ ವಿದ್ಯಾರ್ಥಿನಿಯೊಬ್ಬಳಿಗೆ ಶೌಚಾಲಯ ತೊಳೆಯುವ ದ್ರಾವಣವನ್ನು ಬಲವಂತವಾಗಿ ಕುಡಿಸಿದ ಆರೋಪದಲ್ಲಿ ಹಿರಿಯ ವಿದ್ಯಾರ್ಥಿನಿಯರು ಬಂಧಿತರಾದರು. ಆಕೆಯ ಅನ್ನನಾಳ ಸುಟ್ಟಿತ್ತು. ಇಬ್ಬಣದವರೂ ರೋಗಿಗಳ ಶುಶ್ರೂಷೆಯನ್ನು ಕಲಿಯಲು ಬಂದವರು.

ಕಾನೂನಿಗೆ ಕೊರತೆಯಿಲ್ಲ. 1983ರ ಕರ್ನಾಟಕ ಶಿಕ್ಷಣ ಕಾಯಿದೆಯು ರ‍್ಯಾಗಿಂಗನ್ನು ನಿಷೇಧಿಸಿ, ಒಂದು ವರ್ಷದವರೆಗಿನ ಸೆರೆವಾಸ ಅಥವಾ 2,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಿದೆ. ತಮಾಷೆಗೆ ಮಾಡಿದೆವೆಂಬ ನೆಪಕ್ಕೆ ಅದರ ವ್ಯಾಖ್ಯೆಯಲ್ಲೇ ಎಡೆಯಿಲ್ಲ. 2009ರ ಮಾರ್ಚಿನಲ್ಲಿ ಹಿಮಾಚಲ ಪ್ರದೇಶದ ಟಾಂಡಾ ವೈದ್ಯಕೀಯ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಯೊಬ್ಬನು ಹಿರಿಯರ ಹೊಡೆತಕ್ಕೆ ಬಲಿಯಾದನು. ಅದೇ ವರ್ಷ ವಿಶ್ವವಿದ್ಯಾಲಯ ಅನುದಾನ ಆಯೋಗವು ಕಟ್ಟುನಿಟ್ಟಿನ ನಿಯಮಗಳನ್ನು ಹೊರಡಿಸಿತು. ಹೊಸಬರಿಗೆ ಸಾಧ್ಯವಾದಷ್ಟೂ ಪ್ರತ್ಯೇಕ ವಸತಿ, ಮಾಹಿತಿ ಸಿಕ್ಕ 24 ಗಂಟೆಯೊಳಗೆ ಪೊಲೀಸರಿಗೆ ದೂರು, 1800-180-5522 ಎಂಬ ಸಹಾಯವಾಣಿ ಇವೆಲ್ಲ ಆಗ ಬಂದವು.

ಆದರೂ ಪಿಡುಗು ಏಕೆ ನಿಂತಿಲ್ಲ? ದೂರು ಕೊಟ್ಟ ಹುಡುಗನು ಆ ರಾತ್ರಿ ಅದೇ ಸೂರಿನಡಿ ಮಲಗಬೇಕು. ಪರೀಕ್ಷೆಗೆ ನೋಟ್ಸ್ ಕೊಡುವವರೂ ಅದೇ ಹಿರಿಯರು. ಎಲ್ಲಕ್ಕಿಂತ ಮಿಗಿಲಾಗಿ, ಒಂದು ವರ್ಷ ತಾಳಿಕೊಂಡರೆ ತನ್ನ ಸರದಿಯೂ ಬರುತ್ತದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆ ಹಾಸ್ಟೆಲಿನಲ್ಲಿ ನಿಯಮವೇ ಆಗಿಬಿಟ್ಟಿದೆ. ಹೀಗೆ ಇಂದಿನ ಬಲಿಪಶುವೇ ನಾಳಿನ ಪೀಡಕನಾಗುತ್ತಾನೆ. ಪೀಡಕನಾಗಲು ಅವನು ಕೆಟ್ಟ ಮನೆತನದಿಂದ ಬರಬೇಕಾಗಿಲ್ಲ.

ಪ್ರವೇಶದ ಸಮಯದಲ್ಲಿ ಪಾಲಕರು ಹತ್ತಾರು ಕಾಗದಗಳಿಗೆ ಸಹಿ ಹಾಕುತ್ತಾರೆ. ಅವುಗಳಲ್ಲೊಂದು ರ‍್ಯಾಗಿಂಗ್ ಕುರಿತ ಪ್ರಮಾಣಪತ್ರ. ನನ್ನ ಮಗುವಿಗೆ ರಕ್ಷಣೆ ಬೇಕೆಂದು ಅದರಲ್ಲಿ ಕೋರಿಲ್ಲ. ನನ್ನ ಮಗು ರ‍್ಯಾಗಿಂಗ್ ಮಾಡುವುದಿಲ್ಲ ಎಂದು ಪಾಲಕರೇ ಮಾತು ಕೊಟ್ಟಿದ್ದಾರೆ. ಈ ಮುಚ್ಚಳಿಕೆಯನ್ನು ಪ್ರತಿ ವರ್ಷವೂ ಬರೆದುಕೊಡಬೇಕು. ಓದಿ ಸಹಿ ಮಾಡುವವರೆಷ್ಟು ಮಂದಿ? ಮೊದಲ ವರ್ಷ ವಾರಕ್ಕೆರಡು ಸಲ ಫೋನಿನಲ್ಲಿ “ಯಾರಾದರೂ ತೊಂದರೆ ಕೊಟ್ಟರೇನಪ್ಪಾ?” ಎಂದು ಕೇಳುವ ತಾಯಿ, ಎರಡನೆಯ ವರ್ಷ “ನೀನು ಯಾರಿಗಾದರೂ ತೊಂದರೆ ಕೊಟ್ಟೆಯಾ?” ಎಂದು ಕೇಳುವುದಿಲ್ಲ. ಅದು ಆಕೆಯ ಊಹೆಗೇ ನಿಲುಕದ ಪ್ರಶ್ನೆ.

ನಮ್ಮ ಸಮುದಾಯದ ಸಂಸ್ಥೆಗಳು ನಡೆಸುವ ಹಾಸ್ಟೆಲುಗಳಲ್ಲಿ ಶಿಸ್ತು ಹೆಚ್ಚೆಂದು ನಂಬಿ ಅಲ್ಲಿಗೇ ಮಕ್ಕಳನ್ನು ಸೇರಿಸುವವರು ನಮ್ಮಲ್ಲಿ ಬಹಳ. ಆ ನಂಬಿಕೆ ತಪ್ಪಲ್ಲ. ಆದರೆ ಪ್ರಾರ್ಥನೆ ಮುಗಿದು ದೀಪವಾರಿದ ಮೇಲೆ ಯಾರು ಯಾರನ್ನು ಯಾವ ಕೋಣೆಗೆ ಕರೆಸಿದರೆಂಬುದು ಗೋಡೆಯ ಮೇಲಿನ ವೇಳಾಪಟ್ಟಿಯಿಂದ ತಿಳಿಯದು. ವಾರ್ಡನ್ ರಾತ್ರಿಯ ಹೊತ್ತು ಎಷ್ಟು ಬಾರಿ ಮಹಡಿಗಳನ್ನು ಸುತ್ತುತ್ತಾರೆ, ಮೊದಲ ವರ್ಷದವರ ಕೋಣೆಗಳು ಎಲ್ಲಿವೆ ಎಂಬುದನ್ನು ಶುಲ್ಕ ಕಟ್ಟುವ ದಿನವೇ ಪಾಲಕರು ವಿಚಾರಿಸಬಹುದು. ಕ್ರಿಸ್ಮಸ್ ರಜೆಗೆ ಮನೆಗೆ ಬಂದ ಎರಡನೆಯ ವರ್ಷದ ಮಗನನ್ನು ಊಟಕ್ಕೆ ಕೂತಾಗ ಆ ಇನ್ನೊಂದು ಪ್ರಶ್ನೆಯನ್ನೂ ಕೇಳಬಹುದು.